ಕೇಳಿಸಿಕೊಂಡ ಮೇಲಿನ ಕರ್ತವ್ಯ: ಪೊಲೀಸ್ ಕಣ್ಗಾವಲಿನ ಮಾಹಿತಿಯೂ ನಮ್ಮ ಕಾನೂನೂ

ರಾಜ್ಯವು ತನ್ನ ಪ್ರಜೆಗಳ ವಿಷಯವಾಗಿ ಏನನ್ನೂ ಅರಿಯದೆಯೇ ಆಳತಕ್ಕದ್ದೆಂದು ಯಾವ ನೀತಿಶಾಸ್ತ್ರವೂ ಹೇಳಿಲ್ಲ. ಗೂಢಪುರುಷರ ವ್ಯವಸ್ಥೆಯನ್ನು ಅಷ್ಟೊಂದು ವಿಸ್ತಾರವಾಗಿ ನಿರೂಪಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ಕೂಡ, ಅವರು ತಂದ ವಾರ್ತೆಯನ್ನು ಬಂದಂತೆಯೇ ನಂಬಲಾಗದೆಂದೂ, ಒಬ್ಬರನ್ನೊಬ್ಬರು ಅರಿಯದ ಮೂವರ ಮಾತು ಒಂದೇ ಆದಾಗ ಅದಕ್ಕೆ ವಿಶ್ವಾಸ ಸಲ್ಲುವುದೆಂದೂ, ಮೇಲಿಂದ ಮೇಲೆ ತಪ್ಪು ವಾರ್ತೆಯನ್ನು ತರುವವರು ದಂಡನೆಗೆ ಪಾತ್ರರೆಂದೂ ವಿಧಿಸುತ್ತದೆ. ಗುಟ್ಟಾಗಿ ತಿಳಿಯುವ ಅಧಿಕಾರವನ್ನು ಅರಸನಿಗೆ ಧಾರಾಳವಾಗಿ ಒಪ್ಪಿಸಿದ ಗ್ರಂಥವೇ, ತಿಳಿದುದನ್ನು ಉಪಯೋಗಿಸುವುದಕ್ಕೆ ಬೇರೊಂದು ನಿಯಮ ಬೇಕೆಂಬುದನ್ನು ಮನಗಂಡಿತ್ತು.

ಗೂಢಚಾರನಿಗೆ ಮರೆವುಂಟು, ಮುಪ್ಪುಂಟು, ಮರಣವುಂಟು. ಅವನ ಸ್ಥಾನವನ್ನು ಇಂದು ಆಕ್ರಮಿಸಿರುವ ಉಪಕರಣಗಳಿಗೆ, ಎಂದರೆ ದೂರವಾಣಿಯ ಕದ್ದಾಲಿಕೆಯ ಯಂತ್ರಕ್ಕಾಗಲಿ, ಬೀದಿಯ ಸಿಸಿ ಕ್ಯಾಮೆರಾಕ್ಕಾಗಲಿ, ಮುಖವನ್ನು ಗುರುತಿಸುವ ತಂತ್ರಾಂಶಕ್ಕಾಗಲಿ, ಅವಾವುವೂ ಇಲ್ಲ. ಒಮ್ಮೆ ಗ್ರಹಿಸಿದುದನ್ನು ಅವು ಅಳಿಯದಂತೆ ಇರಿಸಿಕೊಳ್ಳುತ್ತವೆ. ಇರಿಸಿಕೊಂಡುದನ್ನು ಎಷ್ಟು ಪ್ರತಿಗಳಾಗಿ ಬೇಕಾದರೂ ಹಂಚುತ್ತವೆ. ಒಂದು ಉದ್ದೇಶಕ್ಕಾಗಿ ಹಿಡಿದ ಮಾತನ್ನು ಇನ್ನೊಂದು ಉದ್ದೇಶಕ್ಕೆ ಒದಗಿಸುತ್ತವೆ. ಆದಕಾರಣ ಪೊಲೀಸರು ಯಾವಾಗ ಕೇಳಬಹುದು, ಯಾವಾಗ ನೋಡಬಹುದು ಎಂಬುದು ಪ್ರಶ್ನೆಯ ಪೂರ್ವಾರ್ಧ ಮಾತ್ರ. ಕೇಳಿ ನೋಡಿ ಸಂಗ್ರಹಿಸಿದುದು ಯಾರ ವಶದಲ್ಲಿರಬೇಕು, ಎಷ್ಟು ಕಾಲವಿರಬೇಕು, ಯಾರಿಗೆ ದೊರೆಯಬೇಕು, ನ್ಯಾಯಾಲಯದಲ್ಲಿ ಅದಕ್ಕೆ ಯಾವ ಬೆಲೆ, ಕೊನೆಗೆ ಅದು ಅಳಿಯುವುದು ಯಾವಾಗ ಎಂಬುದು ಉತ್ತರಾರ್ಧ. ನಮ್ಮ ದೇಶದ ಸಾರ್ವಜನಿಕ ಚರ್ಚೆಯೆಲ್ಲವೂ ಪೂರ್ವಾರ್ಧದಲ್ಲಿಯೇ ತಂಗಿಬಿಡುತ್ತದೆ. ದೂರವಾಣಿ ಕದ್ದಾಲಿಕೆಯ ಆರೋಪಗಳ ನಡುವೆ 1988ರ ಆಗಸ್ಟಿನಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಪದವನ್ನು ತ್ಯಜಿಸಿದುದು ಕನ್ನಡಿಗರ ನೆನಪಿನಲ್ಲಿದೆ; ಇಂಥ ಪ್ರಸಂಗಗಳಲ್ಲಿ ಆದೇಶವಿತ್ತವರು ಯಾರೆಂದು ಕೇಳುವವರು ನೂರು ಮಂದಿಯಾದರೆ, ಆಲಿಸಿದ ಮಾತುಗಳ ಗತಿಯೇನಾಯಿತೆಂದು ಕೇಳುವವರು ವಿರಳ. ಆ ಉತ್ತರಾರ್ಧವನ್ನು ಸಮಗ್ರವಾಗಿ ಅವಲೋಕಿಸುವುದು ಈ ಲೇಖನದ ಉದ್ದೇಶ.

ಇತಿಹಾಸವು 1885ರ ಭಾರತೀಯ ಟೆಲಿಗ್ರಾಫ್ ಅಧಿನಿಯಮದಿಂದ ಆರಂಭವಾಗುತ್ತದೆ. ಸಾರ್ವಜನಿಕ ತುರ್ತುಪರಿಸ್ಥಿತಿ ಒದಗಿದಾಗ ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಹಿತಕ್ಕಾಗಿ, ದೇಶದ ಸಾರ್ವಭೌಮತ್ವ, ಭದ್ರತೆ, ವಿದೇಶಗಳೊಡನೆ ಮೈತ್ರಿ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯ ತಡೆ ಮೊದಲಾದ ಕಾರಣಗಳ ಮೇಲೆ ಸರ್ಕಾರವು ಸಂದೇಶವನ್ನು ತಡೆದು ಆಲಿಸಬಹುದೆಂದು ಅದರ 5(2)ನೆಯ ಪ್ರಕರಣವು ಹೇಳುತ್ತಿತ್ತು. ಆಲಿಸುವ ಅಧಿಕಾರವನ್ನು ಕೊಟ್ಟ ಆ ಕಾನೂನು, ಆಲಿಸಿದುದನ್ನು ಕುರಿತ ಕರ್ತವ್ಯವನ್ನು ವಿಧಿಸಲಿಲ್ಲ; ಕಾರ್ಯವಿಧಾನವನ್ನು ನಿಯಮಗಳ ಮೂಲಕ ರೂಪಿಸಲು ಸರ್ಕಾರಕ್ಕೆ ಅವಕಾಶವಿದ್ದರೂ, ನೂರು ವರ್ಷ ಕಳೆದ ಮೇಲೂ ಅಂಥ ನಿಯಮಗಳು ಹುಟ್ಟಿರಲಿಲ್ಲ. ರಾಜಕಾರಣಿಗಳ ದೂರವಾಣಿಗಳನ್ನು ಆಲಿಸಿದ ಬಗೆಗೆ ಕೇಂದ್ರೀಯ ತನಿಖಾ ದಳವು ಸಿದ್ಧಪಡಿಸಿದ್ದ ವರದಿಯೊಂದು 1991ರಲ್ಲಿ ಪತ್ರಿಕೆಯ ಮೂಲಕ ಬಯಲಿಗೆ ಬಂದಾಗ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿತು. 1996ರ ಡಿಸೆಂಬರ್ 18ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಪೀಠವಿತ್ತ ತೀರ್ಪು ಈ ವಿಷಯದಲ್ಲಿ ನಮ್ಮ ದೇಶದ ಮೊದಲ ಮೈಲಿಗಲ್ಲು.

ಆ ತೀರ್ಪಿನ ನಿರ್ದೇಶಗಳಲ್ಲಿ ಜನರು ಸಾಮಾನ್ಯವಾಗಿ ಉಲ್ಲೇಖಿಸುವುದು ಆದೇಶ ಹೊರಡಿಸುವವರು ಗೃಹ ಕಾರ್ಯದರ್ಶಿಗಳೇ ಆಗಿರಬೇಕೆಂಬ ಅಂಶವನ್ನು. ಆದರೆ ಅದರ ನಿಜವಾದ ದೂರದೃಷ್ಟಿಯಿರುವುದು ಆದೇಶವಾದ ಮೇಲಿನ ಅವಸ್ಥೆಗಳನ್ನು ಕುರಿತ ಭಾಗದಲ್ಲಿ. ಯಾವ ಸಂಭಾಷಣೆಗಳನ್ನು ಹಿಡಿಯಲಾಯಿತು, ಅವನ್ನು ಎಷ್ಟರಮಟ್ಟಿಗೆ ಇತರರಿಗೆ ತಿಳಿಸಲಾಯಿತು, ತಿಳಿದವರೆಷ್ಟು ಮಂದಿ ಮತ್ತು ಯಾರು ಯಾರು, ಪ್ರತಿಗಳನ್ನು ಎಷ್ಟು ಮಾಡಲಾಯಿತು ಎಂಬುದೆಲ್ಲಕ್ಕೂ ಲೆಕ್ಕವಿರಬೇಕೆಂದು ನ್ಯಾಯಾಲಯವು ವಿಧಿಸಿತು. ಬಳಕೆಯು ಆವಶ್ಯಕವಾದ ಕನಿಷ್ಠ ಪ್ರಮಾಣವನ್ನು ಮೀರಬಾರದೆಂದಿತು. ಇರಿಸಿಕೊಳ್ಳುವ ಅಗತ್ಯ ತೀರಿದ ಒಡನೆಯೇ ಪ್ರತಿಗಳನ್ನು ನಾಶಪಡಿಸಬೇಕೆಂದಿತು. ಆದೇಶವು ಎರಡು ತಿಂಗಳಿಗೆ ಮುಗಿಯತಕ್ಕದ್ದೆಂದೂ, ನವೀಕರಣಗಳೆಲ್ಲ ಸೇರಿ ಆರು ತಿಂಗಳನ್ನು ದಾಟಬಾರದೆಂದೂ ಮೇರೆ ಹಾಕಿತು. ಪರಿಶೀಲನಾ ಸಮಿತಿಯೊಂದು ಆದೇಶವನ್ನು ಪರೀಕ್ಷಿಸಿ, ಕಾನೂನಿನ ಉಲ್ಲಂಘನೆ ಕಂಡುಬಂದಲ್ಲಿ ಅದನ್ನು ರದ್ದುಪಡಿಸಿ, ಹಿಡಿದ ಮಾತಿನ ಪ್ರತಿಗಳನ್ನೂ ನಾಶಗೊಳಿಸುವಂತೆ ಆಜ್ಞಾಪಿಸಬೇಕೆಂದಿತು. ಮಾಹಿತಿಗೆ ಹುಟ್ಟು, ಸಂಚಾರ, ಅಂತ್ಯವೆಂಬ ಮೂರು ಅವಸ್ಥೆಗಳುಂಟೆಂದೂ, ಮೂರರಲ್ಲಿಯೂ ರಾಜ್ಯವು ಉತ್ತರವಾದಿಯೆಂದೂ ನಮ್ಮ ನ್ಯಾಯಶಾಸ್ತ್ರವು ಸ್ಪಷ್ಟವಾಗಿ ನುಡಿದುದು ಅಲ್ಲಿ.

ಈ ನಿರ್ದೇಶಗಳು 1999ರಲ್ಲಿ ಟೆಲಿಗ್ರಾಫ್ ನಿಯಮಗಳೊಳಕ್ಕೆ 419ಎ ಎಂಬ ನಿಯಮವಾಗಿ ಸೇರಿ, 2007ರಲ್ಲಿ ವಿಸ್ತಾರಗೊಂಡುವು. ಅಂತರ್ಜಾಲದ ಮಾಹಿತಿಗಾಗಿ ಮಾಹಿತಿ ತಂತ್ರಜ್ಞಾನ ಅಧಿನಿಯಮದ 69ನೆಯ ಪ್ರಕರಣದ ಅಡಿಯಲ್ಲಿ 2009ರಲ್ಲಿ ಪ್ರತ್ಯೇಕ ನಿಯಮಾವಳಿ ಬಂದಿತು. ಆ ಪ್ರಕರಣದಲ್ಲಿ ತುರ್ತುಪರಿಸ್ಥಿತಿ ಅಥವಾ ಸುರಕ್ಷತೆಯೆಂಬ ಹೊಸ್ತಿಲೇ ಇಲ್ಲದೆ, ಯಾವುದೇ ಅಪರಾಧದ ತನಿಖೆಯೂ ಸಾಕಷ್ಟು ಕಾರಣವಾಗಬಲ್ಲದೆಂಬುದು ಗಮನಾರ್ಹ. ಕಡೆಯದಾಗಿ 2023ರ ದೂರಸಂಪರ್ಕ ಅಧಿನಿಯಮವು ಬಂದು, ಅದರ ಅಡಿಯಲ್ಲಿ 2024ರ ಡಿಸೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹಳೆಯ 419ಎ ನಿಯಮದ ಸ್ಥಾನವನ್ನು ಪಡೆದುವು. ಅರವತ್ತು ದಿನಗಳ ಆದೇಶ, ಒಟ್ಟು ನೂರೆಂಬತ್ತು ದಿನಗಳ ಮಿತಿ, ಆರು ತಿಂಗಳಿಗೊಮ್ಮೆ ದಾಖಲೆಗಳ ನಾಶ ಎಂಬ ಚೌಕಟ್ಟು ಇವುಗಳಲ್ಲಿಯೂ ಉಳಿದಿದೆ. ಹೊಸ ನಿಯಮಗಳಲ್ಲಿ ಮೆಚ್ಚತಕ್ಕ ಅಂಶವೊಂದುಂಟು: ತುರ್ತಿನ ಸಂದರ್ಭದಲ್ಲಿ ಪೊಲೀಸ್ ಅಧಿಕಾರಿಯೇ ಆರಂಭಿಸಿದ ಆಲಿಕೆಗೆ ಏಳು ಕೆಲಸದ ದಿನಗಳೊಳಗೆ ಸಕ್ಷಮ ಪ್ರಾಧಿಕಾರದ ಅನುಮೋದನೆ ದೊರೆಯದಿದ್ದರೆ, ಅದುವರೆಗೆ ಹಿಡಿದುದನ್ನು ನ್ಯಾಯಾಲಯದ ಸಾಕ್ಷ್ಯವೂ ಸೇರಿದಂತೆ ಯಾವ ಉದ್ದೇಶಕ್ಕೂ ಬಳಸಕೂಡದು, ಎರಡು ಕೆಲಸದ ದಿನಗಳಲ್ಲಿ ನಾಶಪಡಿಸತಕ್ಕದ್ದು. ನಿಯಮ ಮುರಿದರೆ ಅದರ ಫಲವೂ ಕೈಬಿಡುವುದೆಂಬ ತತ್ತ್ವವು ಇಲ್ಲಿ ಒಂದು ಕಿರಿದಾದ ಎಡೆಯಲ್ಲಾದರೂ ಲಿಖಿತ ರೂಪವನ್ನು ತಾಳಿದೆ.

ಬರೆಹದಲ್ಲಿ ಇಷ್ಟು ಸುಸಂಬದ್ಧವಾಗಿ ತೋರುವ ಈ ವ್ಯವಸ್ಥೆಯ ದೌರ್ಬಲ್ಯವು ಅದನ್ನು ನಡೆಸುವವರ ಸ್ಥಾನದಲ್ಲಿದೆ. ಆದೇಶ ಕೊಡುವವರು ಸರ್ಕಾರದ ಕಾರ್ಯದರ್ಶಿಗಳು. ಅದನ್ನು ಪರಿಶೀಲಿಸುವ ಸಮಿತಿಯಲ್ಲಿ ಕೂರುವವರೂ ಸರ್ಕಾರದ ಕಾರ್ಯದರ್ಶಿಗಳೇ. ನ್ಯಾಯಾಧೀಶರಾಗಲಿ, ಶಾಸನಸಭೆಯ ಪ್ರತಿನಿಧಿಯಾಗಲಿ, ಕಾರ್ಯಾಂಗಕ್ಕೆ ಹೊರಗಿನವರಾದ ಇನ್ನಾರೇ ಆಗಲಿ ಈ ಸರಪಣಿಯಲ್ಲಿ ಎಲ್ಲಿಯೂ ಇಲ್ಲ. ದತ್ತಾಂಶ ರಕ್ಷಣೆಯನ್ನು ಕುರಿತು ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿಯು 2018ರಲ್ಲಿ ಸಲ್ಲಿಸಿದ ವರದಿಯು, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಪ್ರತಿ ಸಭೆಯಲ್ಲಿಯೂ 15,000ದಿಂದ 18,000ದಷ್ಟು ಆದೇಶಗಳನ್ನು ಪರಿಶೀಲಿಸುವ ಅಸಾಧ್ಯ ಕಾರ್ಯವಿರುವುದಾಗಿ ತಿಳಿಸಿತು. ಒಂದೊಂದು ಆದೇಶದ ಹಿಂದೆಯೂ ಒಬ್ಬ ವ್ಯಕ್ತಿಯ ಸಂಸಾರ, ವ್ಯವಹಾರ, ಸ್ನೇಹಗಳೆಲ್ಲ ಅಡಗಿರುವಾಗ, ಒಂದು ಸಭೆಯ ಅವಧಿಯಲ್ಲಿ ಸಾವಿರಗಟ್ಟಲೆ ಆದೇಶಗಳ ಮೇಲೆ ನಡೆಯುವ ಪರಿಶೀಲನೆಗೆ ವಿವೇಚನೆಯೆಂಬ ಹೆಸರು ಸಲ್ಲುವುದೆ?

ಇನ್ನು ನಾಶದ ನಿಯಮವನ್ನು ವಿಚಾರಿಸೋಣ. ನಿರಪರಾಧಿಯ ಮಾತು ಪೊಲೀಸ್ ಭಂಡಾರದಲ್ಲಿ ಶಾಶ್ವತವಾಗಿ ಉಳಿಯದಿರಲಿ ಎಂಬ ಸದುದ್ದೇಶದಿಂದ ಹುಟ್ಟಿದ ಆ ನಿಯಮವು, ಸೂಕ್ಷ್ಮವಾಗಿ ನೋಡಿದರೆ ಎರಡು ಬೇರೆ ಬೇರೆ ವಸ್ತುಗಳನ್ನು ಒಂದೇ ಬೆಂಕಿಗೆ ಹಾಕುತ್ತದೆ. ಆಲಿಸಿದ ಮಾತು ಒಂದು. ಆಲಿಸಿರೆಂದು ಹೊರಡಿಸಿದ ಆದೇಶ, ಅದರ ಕಾರಣ, ಅದನ್ನು ಓದಿದವರ ಪಟ್ಟಿ ಇನ್ನೊಂದು. ಮೊದಲನೆಯದು ಅಳಿದರೆ ಪ್ರಜೆಗೆ ರಕ್ಷಣೆ. ಎರಡನೆಯದೂ ಅಳಿದರೆ ರಕ್ಷಣೆ ದೊರೆಯುವುದು ಅಧಿಕಾರವನ್ನು ದುರುಪಯೋಗಪಡಿಸಿದವನಿಗೆ. ತನ್ನ ಮಾತನ್ನು ಆಲಿಸಿದರೆಂಬುದೇ ತಿಳಿಯದ ಪ್ರಜೆಗೆ, ಆರು ತಿಂಗಳು ಕಳೆದ ಮೇಲೆ ಅದನ್ನು ಸಾಧಿಸಿ ತೋರಿಸುವ ದಾಖಲೆಯೂ ಇಲ್ಲವಾಗುತ್ತದೆ. ಅಮೆರಿಕದ 1968ರ ಕದ್ದಾಲಿಕೆ ಕಾನೂನು ಈ ವಿಷಯದಲ್ಲಿ ಭಿನ್ನವಾದ ಹಾದಿಯನ್ನು ಹಿಡಿದಿದೆ: ಅಲ್ಲಿ ಆದೇಶವೀಯುವವನು ನ್ಯಾಯಾಧೀಶ, ಅವಧಿ ಮುಗಿದೊಡನೆ ಧ್ವನಿಮುದ್ರಣಗಳು ಆತನ ಅಪ್ಪಣೆಯಂತೆ ಮೊಹರು ಮಾಡಲ್ಪಟ್ಟು ಹತ್ತು ವರ್ಷ ಕಾಯ್ದಿರಿಸಲ್ಪಡುತ್ತವೆ, ಆಲಿಕೆಗೆ ಗುರಿಯಾದವನಿಗೆ ಸಾಮಾನ್ಯವಾಗಿ ತೊಂಬತ್ತು ದಿನಗಳೊಳಗೆ ತಿಳಿವಳಿಕೆಯ ಪತ್ರ ತಲಪಬೇಕು, ನಿಯಮ ಮೀರಿ ಪಡೆದ ಮಾತು ಸಾಕ್ಷ್ಯವಾಗಲಾರದು. ಬ್ರಿಟನ್ನಿನಲ್ಲಿ ಮಂತ್ರಿಯ ಆಜ್ಞಾಪತ್ರಕ್ಕೆ ನ್ಯಾಯಿಕ ಆಯುಕ್ತರೊಬ್ಬರ ಸಮ್ಮತಿಯೂ ಬೇಕೆಂದು 2016ರ ಕಾನೂನು ವಿಧಿಸಿದೆ. ಅಲ್ಲದೆ ಕದ್ದಾಲಿಕೆಯಿಂದ ದೊರೆತುದು ಅಲ್ಲಿಯ ವಿಚಾರಣೆಗಳಲ್ಲಿ ಸಾಮಾನ್ಯವಾಗಿ ಸಾಕ್ಷ್ಯವೇ ಆಗದು. ಈ ಎರಡೂ ದೇಶಗಳು ದೋಷರಹಿತವೆಂದು ಹೇಳುವುದು ನನ್ನ ಉದ್ದೇಶವಲ್ಲ. ಕಾರ್ಯಾಂಗಕ್ಕೆ ಹೊರಗಿನ ಕಣ್ಣೊಂದು ಇರಲೇಬೇಕೆಂಬ ಅಂಶದಲ್ಲಿ ಅವೆರಡೂ ಏಕಮತವಾಗಿರುವುದು ನಮಗೆ ವಿಚಾರಯೋಗ್ಯ.

ನಿಯಮ ಮೀರಿ ಪಡೆದುದನ್ನು ನಮ್ಮ ನ್ಯಾಯಾಲಯಗಳು ಹೇಗೆ ಕಂಡಿವೆ? ಇದು ಪ್ರಶ್ನೆಯ ಮರ್ಮಸ್ಥಾನ. ಆರ್.ಎಂ. ಮಲ್ಕಾನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂಭಾಷಣೆಯಲ್ಲಿ ತೊಡಗಿದ್ದವರಲ್ಲೊಬ್ಬರ ಸಮ್ಮತಿಯಿಂದ ಪೊಲೀಸರು ದೂರವಾಣಿಗೆ ಧ್ವನಿಮುದ್ರಣ ಯಂತ್ರವನ್ನು ಜೋಡಿಸಿ ಹಿಡಿದ ಮಾತನ್ನು ಒಪ್ಪಿ, ಅಕ್ರಮವಾಗಿ ದೊರೆತುದೆಂಬ ಒಂದೇ ಕಾರಣದಿಂದ ಸಾಕ್ಷ್ಯವು ತ್ಯಾಜ್ಯವಾಗದೆಂದು ನುಡಿಯಿತು. 1973ರ ಪೂರನ್ ಮಲ್ ತೀರ್ಪು, ಅಕ್ರಮ ಶೋಧನೆಯಲ್ಲಿ ವಶವಾದ ವಸ್ತುವಿನ ವಿಷಯದಲ್ಲಿ ಅದೇ ಮತವನ್ನು ಎತ್ತಿಹಿಡಿಯಿತು. ಸಂಸತ್ತಿನ ಮೇಲಿನ ದಾಳಿಯ ಪ್ರಕರಣದಲ್ಲಿ 2005ರಲ್ಲಿ ಹೊರಬಿದ್ದ ತೀರ್ಪು ಕೂಡ, ಆಲಿಕೆಯ ಕಾರ್ಯವಿಧಾನದಲ್ಲಿ ಲೋಪವಿದ್ದ ಮಾತ್ರದಿಂದ ಆ ಮಾತುಗಳು ಸಾಮಾನ್ಯ ಸಾಕ್ಷ್ಯ ಕಾನೂನಿನಲ್ಲಿ ಅಗ್ರಾಹ್ಯವಾಗುವುದಿಲ್ಲವೆಂದು ಹೇಳಿತು. ಈ ಪರಂಪರೆಯ ವಾದವು ನೇರವಾದುದು: ನ್ಯಾಯಾಲಯವಿರುವುದು ಸತ್ಯಶೋಧನೆಗಾಗಿ, ಸತ್ಯವು ಹೇಗೆ ಬಂದರೂ ಸತ್ಯವೇ, ತಪ್ಪೆಸಗಿದ ಅಧಿಕಾರಿಯನ್ನು ಬೇರೆಯಾಗಿ ಶಿಕ್ಷಿಸಬಹುದು. ವಾದವು ಕೇಳಲು ಸಮಂಜಸವಾದರೂ, ಅದರ ಕಡೆಯ ಅಂಗವೇ ಟೊಳ್ಳು. ಅಪರಾಧಿಯನ್ನು ಹಿಡಿದುಕೊಟ್ಟು ಮೆಚ್ಚುಗೆ ಗಳಿಸಿದ ಅಧಿಕಾರಿಯನ್ನು, ಹಿಡಿದ ವಿಧಾನವು ಅಕ್ರಮವೆಂದು ಅದೇ ಇಲಾಖೆಯು ದಂಡಿಸುವುದೆಂದು ನಿರೀಕ್ಷಿಸುವುದು ಮನುಷ್ಯಸ್ವಭಾವಕ್ಕೆ ವಿರುದ್ಧವಾದುದು.

2017ರ ಆಗಸ್ಟ್ 24ರಂದು ಈ ಚಿತ್ರಕ್ಕೆ ಹೊಸ ಹಿನ್ನೆಲೆಯೊದಗಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಇಳಿವಯಸ್ಸಿನಲ್ಲಿ ಹೂಡಿದ ಅರ್ಜಿಯ ಮೇಲೆ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಏಕಕಂಠದಿಂದ ಘೋಷಿಸಿತು. ಖರಕ್ ಸಿಂಗ್ ಪ್ರಕರಣದಲ್ಲಿ ಪೊಲೀಸ್ ನಿಗಾವಣೆಯನ್ನು ಪ್ರಶ್ನಿಸಿ ನ್ಯಾಯಮೂರ್ತಿ ಸುಬ್ಬರಾವ್ ಅವರು ಅರ್ಧ ಶತಮಾನಕ್ಕೂ ಹಿಂದೆ ಬರೆದಿದ್ದ ಭಿನ್ನಮತವು ಹೀಗೆ ಕಾಲಾಂತರದಲ್ಲಿ ದೇಶದ ಕಾನೂನಾಯಿತು. ಹಕ್ಕನ್ನು ಮೊಟಕುಗೊಳಿಸುವ ಯಾವ ಕ್ರಮಕ್ಕಾದರೂ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕಷ್ಟೇ ಪ್ರಮಾಣ ಎಂಬ ಒರೆಗಲ್ಲುಗಳು ಅನ್ವಯಿಸುವುದಾದರೆ, ಆ ಒರೆಯಲ್ಲಿ ಸೋತ ಮಾಹಿತಿಗೆ ನ್ಯಾಯಾಲಯದಲ್ಲಿ ಸ್ಥಾನವುಂಟೆ? ಬಾಂಬೆ ಉಚ್ಚ ನ್ಯಾಯಾಲಯವು 2019ರ ಅಕ್ಟೋಬರಿನಲ್ಲಿ, ಲಂಚದ ಆರೋಪದ ಪ್ರಕರಣವೊಂದರಲ್ಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯೇ ಇರಲಿಲ್ಲವೆಂದು ಮೂರು ಆಲಿಕೆ ಆದೇಶಗಳನ್ನು ರದ್ದುಪಡಿಸಿ, ಹಿಡಿದ ಮಾತುಗಳ ನಾಶಕ್ಕೆ ಆಜ್ಞಾಪಿಸಿತು. ಆದರೆ 2025ರ ಜೂನಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ದೊಡ್ಡ ಪ್ರಮಾಣದ ಭ್ರಷ್ಟಾಚಾರವೂ ಸಾರ್ವಜನಿಕ ಸುರಕ್ಷತೆಗೆ ಸಂಬಂಧಿಸಿದುದೇ ಎಂದು ಆಲಿಕೆಯನ್ನು ಸಮರ್ಥಿಸಿತು. ಕೆಲವೇ ದಿನಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಅದಕ್ಕೆ ವಿರುದ್ಧವಾದ ನಿಲುವನ್ನು ತಳೆದು, ಹಿಡಿದ ಮಾತುಗಳು ಪರಿಶೀಲನಾ ಸಮಿತಿಯ ಮುಂದೆ ಹೋಗದಿದ್ದುದನ್ನೂ ಎತ್ತಿ ತೋರಿಸಿ, ಅವುಗಳ ಬಳಕೆಯನ್ನೇ ನಿಷೇಧಿಸಿತು. ಒಂದೇ ಸಂವಿಧಾನದ ನೆರಳಿನಲ್ಲಿ ಪ್ರಜೆಯ ಹಕ್ಕು ಅವನು ಯಾವ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದ್ದಾನೆಂಬುದರ ಮೇಲೆ ನಿಲ್ಲುವುದು ಬಹುಕಾಲ ಸಹಿಸತಕ್ಕ ಸ್ಥಿತಿಯಲ್ಲ.

ದೂರವಾಣಿಗೆ ಲೋಪಯುಕ್ತವಾದರೂ ನಿಯಮಾವಳಿಯೊಂದಿದೆ; ಬೀದಿಯ ಕ್ಯಾಮೆರಾಕ್ಕೆ ಅಷ್ಟೂ ಇಲ್ಲ. ಜನರು ಗುಂಪುಗೂಡುವ ಸ್ಥಳಗಳ ಮಾಲೀಕರು ಸಿಸಿ ಕ್ಯಾಮೆರಾಗಳನ್ನು ಅಳವಡಿಸಿ, ಮೂವತ್ತು ದಿನಗಳ ದೃಶ್ಯಗಳನ್ನು ಕಾಯ್ದಿರಿಸಿ, ಪೊಲೀಸರಿಗೆ ಒದಗಿಸಬೇಕೆಂದು ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾನೂನು ವಿಧಿಸುತ್ತದೆ. ನಿರ್ಭಯಾ ನಿಧಿಯ ನೆರವಿನಿಂದ ಬೆಂಗಳೂರಿನ ರಸ್ತೆಗಳಲ್ಲಿ ಸಾವಿರಾರು ಕ್ಯಾಮೆರಾಗಳು ನೆಲೆಗೊಂಡಿವೆ. ಒದಗಿಸುವ ಕರ್ತವ್ಯವನ್ನು ಪ್ರಜೆಯ ಮೇಲೆ ಹೊರಿಸುವಾಗ ತೋರಿದ ಸ್ಪಷ್ಟತೆಯನ್ನು, ಒದಗಿಸಿಕೊಂಡ ಪೊಲೀಸರ ಕರ್ತವ್ಯವನ್ನು ಹೇಳುವಾಗಲೂ ತೋರಿದ್ದರೆ ಚೆನ್ನಾಗಿತ್ತು.

ಇಲ್ಲಿ ಪ್ರಶ್ನೆಯ ಇನ್ನೊಂದು ಮುಖವೂ ಕಾಣಿಸುತ್ತದೆ. ಮಾಹಿತಿಯನ್ನು ಬಹುಕಾಲ ಇರಿಸಿಕೊಳ್ಳುವುದು ಹೇಗೆ ಅಪಾಯವೋ, ಅಕಾಲದಲ್ಲಿ ಅಳಿಸಿಹಾಕುವುದೂ ಹಾಗೆಯೇ ಅಪಾಯ. ವಾರಾಣಸಿಯ ಹೋಟೆಲಿನಲ್ಲಿ ನಡೆದ ಸಾವಿನ ಸಂಬಂಧವಾಗಿ ಕೊಲೆಯ ಆರೋಪ ಹೊತ್ತಿದ್ದ ಇಬ್ಬರು ಇಟಲಿ ದೇಶೀಯರನ್ನು 2015ರಲ್ಲಿ ಬಿಡುಗಡೆಗೊಳಿಸಿದ ಸರ್ವೋಚ್ಚ ನ್ಯಾಯಾಲಯವು, ಆ ಹೋಟೆಲಿನ ಕ್ಯಾಮೆರಾ ಹಿಡಿದಿದ್ದ ದೃಶ್ಯಗಳನ್ನು ಅಭಿಯೋಜನೆಯು ಹಾಜರುಪಡಿಸದಿದ್ದುದು ಅದರ ವಿರುದ್ಧವೇ ಊಹೆಗೆ ಎಡೆಗೊಡುವುದೆಂದಿತು. 2020ರ ಡಿಸೆಂಬರ್ 2ರಂದು ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಅದೇ ನ್ಯಾಯಾಲಯವು ಕ್ಯಾಮೆರಾವನ್ನು ಪೊಲೀಸರ ಕಡೆಗೇ ತಿರುಗಿಸಿತು: ದೇಶದ ಪ್ರತಿಯೊಂದು ಠಾಣೆಯಲ್ಲಿಯೂ ದೃಶ್ಯವನ್ನೂ ಧ್ವನಿಯನ್ನೂ ಹಿಡಿಯುವ ಕ್ಯಾಮೆರಾಗಳಿರಬೇಕು, ದಾಖಲೆಯು ಹದಿನೆಂಟು ತಿಂಗಳು, ಅದು ಸಾಧ್ಯವಾಗದಲ್ಲಿ ಕಡೆಯ ಪಕ್ಷ ಒಂದು ವರ್ಷ ಉಳಿಯಬೇಕು, ಠಾಣೆಯಲ್ಲಿ ಹಿಂಸೆಗೊಳಗಾದವರು ಅದನ್ನು ಕೇಳಿ ಪಡೆಯಬಹುದು. ಠಾಣೆಗಳಲ್ಲಿ ಕ್ಯಾಮೆರಾಗಳು ಕೆಲಸ ಮಾಡದಿರುವುದನ್ನು ಕುರಿತು 2025ರ ಸೆಪ್ಟೆಂಬರಿನಲ್ಲಿ ಆ ನ್ಯಾಯಾಲಯವೇ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಎತ್ತಿಕೊಳ್ಳಬೇಕಾಗಿ ಬಂದುದು, ಆ ಆಜ್ಞೆಯ ಪಾಲನೆಯು ಎಷ್ಟರಮಟ್ಟಿಗಾಗಿದೆ ಎಂಬುದಕ್ಕೆ ಸಾಕ್ಷಿ. ಪೊಲೀಸರ ವಶದಲ್ಲಿರುವ ದೃಶ್ಯವು ಪೊಲೀಸರ ಸ್ವತ್ತಲ್ಲ. ಆರೋಪಿಗೂ, ನೊಂದವನಿಗೂ, ನ್ಯಾಯಾಲಯಕ್ಕೂ ಅದರಲ್ಲಿ ಸಮಾನವಾದ ಹಕ್ಕುಂಟು.

ದೃಶ್ಯವು ಉಳಿದರೆ ಸಾಲದು, ಅದು ಅವಿಕೃತವಾಗಿಯೂ ಉಳಿಯಬೇಕು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರವಿಲ್ಲದೆ ಮಾನ್ಯತೆಯಿಲ್ಲವೆಂದು 2014ರ ಅನ್ವರ್ ತೀರ್ಪು ಹೇಳಿ, ನಡುವೆ ಬಂದ ಸಡಿಲಿಕೆಯನ್ನು 2020ರ ಅರ್ಜುನ್ ಪಂಡಿತರಾವ್ ತೀರ್ಪು ತೆಗೆದುಹಾಕಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣವು ಆ ಪ್ರಮಾಣಪತ್ರಕ್ಕೆ ತಜ್ಞನ ಸಹಿಯನ್ನೂ, ದಾಖಲೆಯ ಒಂದಕ್ಷರ ಬದಲಾದರೂ ತಾನು ಬದಲಾಗುವ ಹ್ಯಾಶ್ ಮೌಲ್ಯವನ್ನೂ ಸೇರಿಸಿದೆ. ಇದು ಸ್ವಾಗತಾರ್ಹ; ಆದರೆ ದಾಖಲೆಯು ಕೆಡದೆ ಬಂದಿದೆಯೆಂದು ಸಾರುವ ಈ ನಿಯಮವು, ಅದು ಸಕ್ರಮವಾಗಿ ಹುಟ್ಟಿತೆಂದು ಸಾರುವುದಿಲ್ಲವೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಹೆಚ್ಚಿನ ಚಿಂತೆಗೆ ವಿಷಯವಾಗಿರುವುದು ದೇಹದ ಗುರುತುಗಳ ಭಂಡಾರ. 1920ರ ಕೈದಿಗಳ ಗುರುತಿನ ಕಾನೂನಿನ ಸ್ಥಾನದಲ್ಲಿ ಬಂದ 2022ರ ಅಧಿನಿಯಮವು ಬೆರಳಚ್ಚು, ಕಣ್ಣಿನ ಪಾಪೆಯ ಚಿತ್ರ ಮೊದಲಾದವನ್ನು ಎಪ್ಪತ್ತೈದು ವರ್ಷಗಳವರೆಗೆ ಇರಿಸಲು ಅವಕಾಶ ಕೊಡುತ್ತದೆ. ಹಿಂದೆ ಶಿಕ್ಷೆಗೊಳಗಾಗದವನು ನಿರ್ದೋಷಿಯೆಂದು ಬಿಡುಗಡೆ ಹೊಂದಿದರೆ ಅವನ ಗುರುತುಗಳನ್ನು ಅಳಿಸಬೇಕೆಂದು ಅದು ಹೇಳುತ್ತದಾದರೂ, ಮೇಲ್ಮನವಿಗಳೆಲ್ಲ ತೀರುವವರೆಗೂ ಆತ ಕಾಯಬೇಕು. ಮುಖವನ್ನು ಗುರುತಿಸುವ ತಂತ್ರಾಂಶದ ಬಳಕೆಗಾದರೋ ಪ್ರತ್ಯೇಕ ಕಾನೂನೇ ಇಲ್ಲ. ಈ ಕೊರತೆಯನ್ನು ತುಂಬಬಹುದಾಗಿದ್ದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಅಧಿನಿಯಮವು, ಅಪರಾಧದ ತಡೆ, ಪತ್ತೆ, ತನಿಖೆಗಳಿಗಾಗಿ ನಡೆಯುವ ಬಳಕೆಯನ್ನು ತನ್ನ ಬಹುಪಾಲು ಕಟ್ಟಳೆಗಳಿಂದ ಮುಕ್ತಗೊಳಿಸಿ, ಸರ್ಕಾರವು ಸೂಚಿಸುವ ಸಂಸ್ಥೆಗಳಿಗೆ ಪೂರ್ಣ ವಿನಾಯಿತಿಯನ್ನೇ ಕೊಡಬಹುದೆಂದಿದೆ. ಅಂಗಡಿಯವನು ನಮ್ಮ ದೂರವಾಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದಕ್ಕೆ ನಿಯಮವುಂಟು. ರಾಜ್ಯವು ನಮ್ಮ ಮುಖವನ್ನು ಭಂಡಾರದಲ್ಲಿಡುವುದಕ್ಕೆ ಆ ನಿಯಮವಿಲ್ಲ.

ಭದ್ರತೆಗೆ ಗೌಪ್ಯವು ಅನಿವಾರ್ಯ, ಎಲ್ಲವನ್ನೂ ನ್ಯಾಯಾಧೀಶರ ಮುಂದಿಟ್ಟರೆ ಅಪರಾಧಿಗಳು ಎಚ್ಚರಗೊಳ್ಳುವರು ಎಂಬ ಆಕ್ಷೇಪವು ನಿರ್ಲಕ್ಷಿಸತಕ್ಕದ್ದಲ್ಲ. ಬಾಂಬು ಹುದುಗಿಸುವವರ, ಮಕ್ಕಳನ್ನು ಅಪಹರಿಸುವವರ ಜಾಡನ್ನು ಹಿಡಿಯುವ ಪೊಲೀಸರ ಕಾರ್ಯವು ಕಠಿನವಾದುದು. ಅವರ ಕೈಯಿಂದ ಉಪಕರಣವನ್ನು ಕಸಿದುಕೊಳ್ಳಬೇಕೆಂದು ವಿವೇಕಿಗಳಾರೂ ಹೇಳರು. ಆದರೆ ಗೌಪ್ಯದ ಆವಶ್ಯಕತೆಯಿರುವುದು ಆಲಿಸುವ ಕಾಲದಲ್ಲಿ. ತನಿಖೆ ಮುಗಿದ ಮೇಲೂ ಅದನ್ನು ಬೇಡುವುದು ಭದ್ರತೆಗಾಗಿಯಲ್ಲ, ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವುದಕ್ಕಾಗಿ.

ಆದ್ದರಿಂದ ನಮ್ಮ ಸಂಸತ್ತು, ಬಿಡಿಬಿಡಿಯಾದ ನಿಯಮಗಳನ್ನು ತಿದ್ದುತ್ತ ಹೋಗುವ ಬದಲು, ದೂರವಾಣಿ, ಕ್ಯಾಮೆರಾ, ಮುಖಚಿತ್ರ, ಬೆರಳಚ್ಚುಗಳೆಲ್ಲಕ್ಕೂ ಅನ್ವಯಿಸುವ ಒಂದೇ ಕಾನೂನನ್ನು ರೂಪಿಸಬೇಕು. ಆಲಿಕೆಯ ಆದೇಶವನ್ನು ನ್ಯಾಯಾಧೀಶರು ಪರೀಕ್ಷಿಸಬೇಕು. ಒಂದು ಕಾರಣಕ್ಕೆ ಪಡೆದುದನ್ನು ಬೇರೆ ಕಾರಣಕ್ಕೆ ಬಳಸಬೇಕಾದರೆ ಹೊಸದಾಗಿ ಅನುಮತಿ ಪಡೆಯಬೇಕು. ಮಾತನ್ನು ಅಳಿಸಿದರೂ ಆದೇಶದ ಮತ್ತು ಅದನ್ನು ನೋಡಿದವರ ದಾಖಲೆಯು ಮೊಹರಿನೊಳಗೆ ವರ್ಷಗಟ್ಟಲೆ ಉಳಿಯಬೇಕು. ತನಿಖೆ ಮುಗಿದ ಮೇಲೆ, ಆಲಿಕೆಗೆ ಗುರಿಯಾದ ಪ್ರಜೆಗೆ ಅದನ್ನು ತಿಳಿಸಬೇಕು. ನಿಯಮ ಮೀರಿ ಪಡೆದುದು, ಎಷ್ಟೇ ಉಪಯುಕ್ತವಾದರೂ, ಅವನ ವಿರುದ್ಧ ಸಾಕ್ಷ್ಯವಾಗಕೂಡದು. ಇವುಗಳಲ್ಲಿ ಕೊನೆಯ ಎರಡು ಇಲ್ಲದೆ ಉಳಿದುವು ನಿಲ್ಲಲಾರವು. ಏಕೆಂದರೆ ತಾನು ನೊಂದೆನೆಂಬುದನ್ನೇ ಅರಿಯದವನು ದೂರು ಕೊಡಲಾರ, ಮುರಿದರೂ ನಷ್ಟವಿಲ್ಲದ ನಿಯಮವನ್ನು ಯಾರೂ ಪಾಲಿಸಲಾರರು. ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಪ್ಪಿದ ಗಣರಾಜ್ಯವು ಈ ಎರಡನ್ನು ತನ್ನ ಪ್ರಜೆಗಳಿಗೆ ಕೊಡುವವರೆಗೆ, 1996ರ ತೀರ್ಪು ತೋರಿಸಿದ ಕರ್ತವ್ಯವು ಅರ್ಧ ಮಾತ್ರ ನೆರವೇರಿದೆಯೆಂದೇ ಹೇಳಬೇಕಾಗುತ್ತದೆ.